ಅಳುತ್ತ ಬಂದು ಗಾಡಿ ಒಯ್ದವನು

"ಅತ್ತಿಗೆ, ಮೂಗು ಮುಚ್ಕೊಳ್ಳಿ. ಸೀಟು ಎತ್ತುತೀನಿ."

ಮೈದುನ ಮಾತು ಮುಗಿಸುವ ಮುಂಚೆಯೇ ಸೀಟು ಮೇಲೆದ್ದಿತ್ತು. ಠಾಣೆಯ ಹಿಂದೆ, ಮುಟ್ಟುಗೋಲು ಹಾಕಿದ ಗಾಡಿಗಳು ಒಂದರ ಮೈಮೇಲೊಂದು ಬಿದ್ದು ತುಕ್ಕು ಹಿಡಿಯುವ ಜಾಗ ಅದು. ಅಲ್ಲಿ ನಾರುವುದು ಹೊಸತೇನಲ್ಲ. ಆದರೆ ಸೀಟಿನಡಿಯಿಂದ ಎದ್ದ ವಾಸನೆ ಬೇರೆಯೇ ಆಗಿತ್ತು. ಹರಿದ ಸ್ಪಂಜಿನಲ್ಲಿ ಗೂಡು ಮಾಡಿಕೊಂಡಿದ್ದ ಇಲಿಯೊಂದು ಅಲ್ಲೇ ಸತ್ತು ಅಂಟಿಕೊಂಡಿತ್ತು.

ಪೊಲೀಸಮ್ಮ ತೋಳನ್ನು ಮೂಗಿಗೆ ಒತ್ತಿಕೊಂಡು ಬಗ್ಗಿದಳು.

ಹೆಸರಿಗಷ್ಟೇ ಪೊಲೀಸಮ್ಮ. ಟ್ರಾಫಿಕ್ಕಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು ಮೇಲಿನವರ ಜೊತೆ ಜಗಳವಾಡಿ, ಸಮವಸ್ತ್ರ ಮಡಚಿಟ್ಟು ಬಂದು ವರ್ಷಗಳಾಗಿದ್ದವು. ಈಗ ಕೇಳಿಕೊಂಡು ಬಂದವರಿಗೆ ಖಾಸಗಿಯಾಗಿ ತನಿಖೆ ಮಾಡಿಕೊಡುತ್ತಿದ್ದಳು. ಓಣಿಯವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿತ್ತು.

ಈ ಸಲ ಕೇಳಿಕೊಂಡು ಬಂದವಳು ಒಬ್ಬ ನರ್ಸು. ಬೆಳಗಿನ ನಡಿಗೆಗೆ ಹೊರಟಿದ್ದ ಮುದುಕನೊಬ್ಬನನ್ನು ಗುದ್ದಿ ಕೊಂದ ಗಾಡಿ ಇದೇ ಎಂದು, ಇದನ್ನು ಓಡಿಸುತ್ತಿದ್ದ ಅವಳ ತಮ್ಮನನ್ನು ಒಳಗೆ ಹಾಕಿದ್ದರು. ಅಪಘಾತ ಆದಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದು ಅಂತ ಅವನು ಬಡಕೊಳ್ಳುತ್ತಿದ್ದ. ಮಾರಿದವನು ಅವನ ಮುಖವನ್ನೇ ನೋಡಿಲ್ಲ ಅನ್ನುತ್ತಿದ್ದ. ಇಬ್ಬರ ನಡುವೆ ಒಂದೇ ಒಂದು ಕಾಗದವಿರಲಿಲ್ಲ.

ಸೀಟಿನಡಿಯ ಖಾನೆಯಲ್ಲಿ ಒಂದು ಬಾಚಣಿಗೆ ಸಿಕ್ಕಿತು. ಹಲ್ಲುಗಳ ನಡುವೆ ಕೂದಲು ಹಾಗೇ ಇತ್ತು. ಅರ್ಧ ಖಾಲಿಯಾದ ಮಾತ್ರೆಯ ಹಾಳೆ. ಚಿಕ್ಕ ಹುಡುಗಿಯ ಕೆಂಪು ಹೇರ್‌ಪಿನ್ನು.

"ಥೂ, ಮಾರುವ ಮುಂಚೆ ಇದನ್ನಾದ್ರೂ ತೆಗೀಬಾರದಾ?" ಎಂದ ಮೈದುನ. ಅವನಿಗೆ ಪೇಟೆಯಲ್ಲಿ ಸ್ವಂತ ಗ್ಯಾರೇಜಿತ್ತು, ಬಗೆಬಗೆಯ ಗಾಡಿ ಬಿಚ್ಚಿದ ಕೈ ಅದು. ಆದರೂ ಬಾಚಣಿಗೆಯನ್ನು ಮುಟ್ಟದೆ ಸ್ಕ್ರೂಡ್ರೈವರಿನ ತುದಿಯಿಂದ ಪಕ್ಕಕ್ಕೆ ಸರಿಸಿದ.

"ಹಿಂದಿನೋನು ಇನ್ನೂ ಬಂದು ಹತ್ತುತಾನೆ ಅನ್ನೋ ಹಾಗಿದೆ," ಎಂದಳು ಪೊಲೀಸಮ್ಮ. "ನಂಬರ್ ನೋಡು."

ಹ್ಯಾಂಡಲಿನ ಕೊರಳಲ್ಲಿ ಚಾಸಿ ನಂಬರ್ ಇರಬೇಕಾದ ಕಡೆ ಅರದಿಂದ ಉಜ್ಜಿದ್ದರು. ಅದರ ಮೇಲೆ ಹೊಸ ಅಂಕೆಗಳನ್ನು ಹೊಡೆದಿದ್ದರು. ಅಂಕೆಗಳು ಕುಡಿದವನ ಹೆಜ್ಜೆಯಂತೆ ಮೇಲೆ ಕೆಳಗೆ ಇದ್ದವು.

"ಇದು ಕಂಪನಿ ಕೆಲಸ ಅಲ್ಲವೇ ಅಲ್ಲ. ಎಂಜಿನ್ ನಂಬರ್ ನೋಡೋಣ."

ಎಂಜಿನ್ನಿನ ಹೊಟ್ಟೆಗೆ ಎಣ್ಣೆ, ಧೂಳು, ಕೆಸರು ಸೇರಿ ಹೆಪ್ಪುಗಟ್ಟಿತ್ತು. ಮೈದುನ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ತಿಕ್ಕಿದ. ಕಪ್ಪು ನೀರು ಅವನ ಮೊಣಕೈವರೆಗೂ ಇಳಿಯಿತು. ನಿಧಾನವಾಗಿ ಒಂದೊಂದೇ ಅಕ್ಷರ ಮೇಲೆದ್ದು ಬಂತು. ನೇರವಾಗಿ, ಒಪ್ಪವಾಗಿ, ಯಾರೂ ಮುಟ್ಟದ ಅಕ್ಷರಗಳು.

"ಇಷ್ಟು ದಿನ ಇಲ್ಲೇ ಇತ್ತಲ್ಲ ಅತ್ತಿಗೆ! ಠಾಣೆಯೋರು ಒರೆಸಿ ನೋಡ್ಲಿಲ್ವಾ?"

ಪೊಲೀಸಮ್ಮ ಠಾಣೆಯ ಕಿಟಕಿಯ ಕಡೆ ನೋಡಿದಳು. ಒಳಗೆ ಯಾರೋ ಟಿವಿ ಹಾಕಿಕೊಂಡು ನಗುತ್ತಿದ್ದರು.

"ಒರೆಸಿದ್ರೆ ಕೈ ಕೊಳೆಯಾಗುತ್ತಲ್ಲಪ್ಪ. ಒಬ್ಬ ಸಿಕ್ಕಿದ, ಕೇಸ್ ಮುಗೀತು."

ತಾನು ಯಾಕೆ ಆ ಕೆಲಸ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಈ ಎಂಜಿನ್ನನ್ನು ತೋರಿಸಬಹುದು ಅನ್ನಿಸಿತು ಅವಳಿಗೆ.

*

ನೋಂದಣಿ ಕಚೇರಿಯಲ್ಲಿ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕೌಂಟರಿನ ಗುಮಾಸ್ತೆ ಪೊಲೀಸಮ್ಮನಿಗೆ ಹಳೇ ಪರಿಚಯ. ದನಿ ಕೇಳಿ ತಲೆಯೆತ್ತದೆಯೇ ಗುರುತು ಹಿಡಿದಳು.

"ಬಂದ್ರಾ? ನಿಮ್ಮ ಧ್ವನಿ ಕೇಳಿದ್ರೆ ನನ್ನ ಊಟದ ಹೊತ್ತು ಹೋಯ್ತು ಅಂತಲೇ ಅರ್ಥ."

"ಒಂದು ಬಾಟಲ್ ಕಾಫಿ ತಂದಿದೀನಿ."

"ಹಾಗಾದ್ರೆ ನಂಬರ್ ಹೇಳಿ."

ಮೊದಲು ಪ್ಲೇಟಿನ ನಂಬರು. ಗುಮಾಸ್ತೆ ಕೀಲಿಮಣೆ ಕುಟ್ಟಿ ಪರದೆ ನೋಡಿ ಹುಬ್ಬೇರಿಸಿದಳು.

"ಇದು ಸ್ಕೂಟರ್ ಕಣ್ರೀ. ಹಸಿರು ಬಣ್ಣದ್ದು. ಯಜಮಾನಿ ಸಂಗೀತದ ಟೀಚರು. ಅವರೇನಾದ್ರೂ ಯಾರನ್ನಾದ್ರೂ ಗುದ್ದಿದ್ದಾರೆ ಅಂತೀರಾ?"

"ಪಾಪ, ಅವರ ನಂಬರನ್ನ ಯಾರೋ ಕದ್ದು ಮೆತ್ತಿದಾರೆ. ಈಗ ಇದನ್ನ ಹಾಕಿ. ಎಂಜಿನ್ ನಂಬರು."

ಈ ಸಲ ಹೊತ್ತು ಹಿಡಿಯಿತು. ಹಿಂದಿದ್ದವರು ಗೊಣಗತೊಡಗಿದರು. ಗುಮಾಸ್ತೆ ಯಾರ ಗೊಣಗಾಟಕ್ಕೂ ಸೊಪ್ಪು ಹಾಕಲಿಲ್ಲ.

"ಸಿಕ್ತು. ಕಪ್ಪು ಬೈಕು. ಪ್ರೆಸ್ಸಿನಲ್ಲಿ ಮೆಷಿನ್ ನೋಡ್ಕೊಳ್ಳೋರದ್ದು. ಷೋರೂಮಿಂದ ಅವರೇ ತಗೊಂಡಿದ್ದು."

"ಆಮೇಲೆ ಯಾರಿಗೆ ಮಾರಿದ್ರು?"

"ಯಾರಿಗೂ ಇಲ್ಲ. ಹೆಸರು ಬದಲಾಗಿಲ್ಲ, ಅರ್ಜಿನೂ ಬಂದಿಲ್ಲ. ನಮ್ಮ ಕಂಪ್ಯೂಟರ್ ಪ್ರಕಾರ ಈ ಗಾಡಿ ಈಗ್ಲೂ ಅವರ ಮನೆ ಮುಂದೇನೇ ನಿಂತಿದೆ."

ವಿಳಾಸ ಬರೆದುಕೊಂಡು ಪೊಲೀಸಮ್ಮ ಹೊರಬಂದಳು. ಒಂದು ನಂಬರು ಹಾಕಿ ನೋಡುವಷ್ಟು ಕೆಲಸ. ಅಷ್ಟನ್ನು ಮಾಡದೆ ಒಬ್ಬನನ್ನು ಕಂಬಿಯ ಹಿಂದೆ ಕೂಡಿಹಾಕಿದ್ದರು.

*

ಬಾಗಿಲು ತೆಗೆದವಳ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಹಿಂದೆ ಕೋಣೆಯ ತುಂಬ ಪರದೆ ಬಟ್ಟೆಯ ರಾಶಿ, ನಡುವೆ ಒಂದು ಹೊಲಿಗೆ ಯಂತ್ರ. ಗೋಡೆಯ ಮೇಲಿನ ಫೋಟೋದಲ್ಲಿ ಪ್ರೆಸ್ಸಿನವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿದ್ದ.

"ಗಾಡಿ ವಿಷಯಾನಾ?" ಎಂದಳು ಅವನ ಹೆಂಡತಿ. ಕೂರಲು ಬಟ್ಟೆ ಸರಿಸಿ ಜಾಗ ಮಾಡಿದಳು. "ಅದನ್ನ ಇವರ ಸ್ನೇಹಿತರಿಗೆ ಕೊಟ್ಟುಬಿಟ್ಟೆ. ಇವರು ಹೋದ್ಮೇಲೆ."

"ಹೋದ್ರು ಅಂದ್ರೆ?"

"ತೀರ್ಕೊಂಡ್ರು." ಆಕೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಪಿತ್ತಕೋಶದಲ್ಲಿ ಕಲ್ಲಿತ್ತು. ಸಣ್ಣ ಆಪರೇಷನ್ ಅಂದ್ರು. ಆಪರೇಷನ್ ಚೆನ್ನಾಗೇ ಆಯ್ತು. ಆಮೇಲೆ ಎದೆ ನಿಂತುಹೋಯ್ತಂತೆ."

"ಯಾವ ಆಸ್ಪತ್ರೆಲಿ?"

"ಸೇತುವೆ ಪಕ್ಕದ್ದು."

ಪೊಲೀಸಮ್ಮನಿಗೆ ಒಳಗೆಲ್ಲೋ ಮುಳ್ಳು ಚುಚ್ಚಿದಂತಾಯಿತು. ನರ್ಸು ಕೆಲಸ ಮಾಡುವುದೂ ಅಲ್ಲೇ. ಆದರೆ ಊರಿಗೆ ಇರುವುದೇ ಅದೊಂದು ದೊಡ್ಡ ಆಸ್ಪತ್ರೆ. ಇಲ್ಲಿ ಹುಟ್ಟುವವರೂ ಸಾಯುವವರೂ ಬಹುಪಾಲು ಅಲ್ಲೇ. ಆ ಮುಳ್ಳನ್ನು ಕಿತ್ತು ಪಕ್ಕಕ್ಕಿಟ್ಟಳು.

"ಸ್ನೇಹಿತರು ಅಂದ್ರಲ್ಲ, ಅವರ ಗುರುತು ಮೊದಲೇ ಇತ್ತಾ?"

"ಇಲ್ಲ. ಹಳೇ ಸ್ನೇಹಿತ, ಒಟ್ಟಿಗೆ ಓದಿದೋರು ಅಂದ್ರು. ಸುದ್ದಿ ಬಂದ ದಿನ ಎಲ್ಲರಿಗಿಂತ ಮೊದಲು ಬಂದೋರೇ ಅವರು. ಎಷ್ಟು ಅತ್ರು ಅಂದ್ರೆ, ನಾನೇ ಅವರನ್ನ ಸಮಾಧಾನ ಮಾಡಬೇಕಾಯ್ತು. ಇಷ್ಟು ದೊಡ್ಡ ಕರ್ಚೀಫು, ಅದೆಲ್ಲ ಒದ್ದೆಯಾಗಿತ್ತು."

ಪೊಲೀಸಮ್ಮ ಮೈದುನನ ಮುಖ ನೋಡಿದಳು, ಮೈದುನ ನೆಲ ನೋಡಿದ. ನರ್ಸಿನ ತಮ್ಮ ತನಗೆ ಗಾಡಿ ಮಾರಿದವನೆಂದು ಹೇಳಿದ್ದು ಯಾರನ್ನೆಂದು ಇಬ್ಬರಿಗೂ ಗೊತ್ತಿತ್ತು. ಹಳೇ ಗಾಡಿಗಳ ಬಜಾರಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಕರ್ಚೀಫಣ್ಣ ಅಂತಲೇ.

"ಆಮೇಲೆ ಗಾಡಿ ಯಾವಾಗ ಒಯ್ದ?"

"ಎಲ್ಲಾ ಮುಗಿದ ಮೇಲೆ ಮತ್ತೆ ಬಂದ್ರು. 'ತಂಗೀ, ಇದು ಕಣ್ಣೆದುರು ನಿಂತಿದ್ರೆ ನಿನಗೆ ದಿನಾ ಸಂಕಟ. ನಾನು ಒಳ್ಳೇ ಬೆಲೆಗೆ ಮಾರಿಸಿಕೊಡ್ತೀನಿ' ಅಂದ್ರು. ಹೆಸರು ಬದಲಾಯಿಸೋಕೆ ಅಂತ ಒಂದಿಷ್ಟು ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರು. ಇವರ ಆರ್‌ಸಿ, ವಿಮೆ ಕಾಗದ, ಎಲ್ಲಾ ತಗೊಂಡ್ರು. ಪುಣ್ಯಾತ್ಮ ಅಂದ್ಕೊಂಡೆ. ಟೀ ಮಾಡಿಕೊಟ್ಟೆ. ಆಮೇಲೆ ಅವರ ಪತ್ತೇನೇ ಇಲ್ಲ."

"ಸಹಿ ಹಾಕೋ ಮುಂಚೆ ಓದಿ ನೋಡಿದ್ರಾ?"

"ಅವತ್ತು ನನಗೆ ನನ್ನ ಹೆಸರು ಬರೆಯೋಕೆ ಬಂದಿದ್ದೇ ಹೆಚ್ಚು ಮೇಡಂ."

ಹೆಸರು ಬದಲಾಯಿಸುವ ಅರ್ಜಿ ಕಚೇರಿಗೆ ಬಂದೇ ಇಲ್ಲ ಎಂದು ಗುಮಾಸ್ತೆ ಹೇಳಿದ್ದಳು. ಹಾಗಾದರೆ ಆ ಸಹಿಗಳೆಲ್ಲ ಎಲ್ಲಿಗೆ ಹೋದವು?

ಒಳಗಿನಿಂದ ಮಗಳು ಬಂದು ಅಮ್ಮನ ಬೆನ್ನಿಗೆ ಅಂಟಿಕೊಂಡಳು. ಆಕೆ ಮಗಳ ತಲೆ ಸವರುತ್ತ ಮೆಲ್ಲಗೆ ಹೇಳಿದಳು: "ಕೀಲಿಗೆ ಇವಳು ಬಣ್ಣ ಹಚ್ಚಿದ ಮರದ ಬಿಲ್ಲೆ ಇತ್ತು. 'ಅಪ್ಪ ನಿಧಾನ' ಅಂತ ಬರೆದಿದ್ಲು. ಅದನ್ನಾದ್ರೂ ಬಿಚ್ಚಿಕೊಡಿ ಅಂತ ಕೇಳೋಷ್ಟರಲ್ಲಿ ಅವರು ಗಾಡಿ ಸ್ಟಾರ್ಟ್ ಮಾಡಿಬಿಟ್ಟಿದ್ರು."

ಮೆಟ್ಟಿಲಿಳಿಯುವಾಗ ಮೈದುನ ಒಂದೇ ಮಾತು ಹೇಳಿದ. "ಅತ್ತಿಗೆ, ಅವನ ಅಂಗಡಿಗೆ ನಾನೂ ಬರ್ತೀನಿ."

"ಬೇಡಪ್ಪ. ನೀನು ಬಂದ್ರೆ ಕೈ ಮಾತಾಡುತ್ತೆ. ನನಗೆ ಬಾಯಿ ಮಾತಾಡೋದು ಬೇಕು."

*

ಕರ್ಚೀಫಣ್ಣನ ಅಂಗಳದಲ್ಲಿ ಗಾಡಿಗಳು ಮಿಂದು, ಟೈರಿಗೆ ಕಪ್ಪು ಬಳಿದುಕೊಂಡು ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ತಗಡಿನ ಕೋಣೆ. ಒಳಗೆ ಕರ್ಚೀಫಣ್ಣ ಕಾಲನ್ನು ಮೇಜಿನ ಮೇಲೆ ಚಾಚಿ ಉಗುರು ಕತ್ತರಿಸುತ್ತಿದ್ದ. ಬಿಳಿ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಹೆಗಲ ಮೇಲೆ ಆ ದೊಡ್ಡ ಕರ್ಚೀಫು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಯಾವ ಗಾಡಿ ಕಣ್ಣಿಗೆ ಬಿತ್ತು?"

ಕಾಲು ಇಳಿಸಲಿಲ್ಲ. ಕತ್ತರಿ ಚಟಕ್ ಅಂದಿತು. ಹಳದಿ ಉಗುರಿನ ಚೂರೊಂದು ಹಾರಿ ಪೊಲೀಸಮ್ಮನ ಮಂಡಿಯ ಮೇಲೆ ಬಿತ್ತು. ಅವಳು ಅದನ್ನು ಕಾಗದದ ತುದಿಯಿಂದ ಕೆಡವಿದಳು.

"ಕಪ್ಪು ಗಾಡಿ. ಟ್ಯಾಂಕಿನ ಎಡಗಡೆ ನೆಗ್ಗಿದೆ. ಅದನ್ನ ನೀವು ಆಗ್ಲೇ ಮಾರಿಬಿಟ್ಟಿದೀರಿ."

"ಕಪ್ಪು ಗಾಡಿ ನೂರು ಬರ್ತಾವೆ, ನೂರು ಹೋಗ್ತಾವೆ."

"ಇದು ಪ್ರೆಸ್ಸಿನೋರ ಮನೆಯಿಂದ ಬಂದಿದ್ದು. ನಿಮ್ಮ ಜೊತೆ ಓದಿದೋರಂತೆ. ಯಾವ ಸ್ಕೂಲು?"

ಕತ್ತರಿ ನಿಂತಿತು. ಅವನು ಪೊಲೀಸಮ್ಮನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿದ. ಆಮೇಲೆ ನಕ್ಕ. ಸಣ್ಣ ಸಣ್ಣ ಹಲ್ಲು, ಎಲ್ಲಾ ಸರಿಯಾಗಿದ್ದವು.

"ಓ, ಪೊಲೀಸಮ್ಮ ಅಂದ್ರೆ ನೀವೇನಾ? ಹೇಳಬಾರದಾ? ಟೀ ತರಿಸ್ತೀನಿ."

"ನಿಮ್ಮ ಟೀ ನನಗೆ ಇಳಿಯಲ್ಲ."

ಮೇಜಿನ ಕೆಳಗೆ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬವಿತ್ತು. ಮುಚ್ಚಳ ಅರ್ಧ ಸರಿದಿತ್ತು. ಪೊಲೀಸಮ್ಮ ಕಾಲಿನಿಂದ ಅದನ್ನು ಮುಂದಕ್ಕೆ ಎಳೆದು ಮುಚ್ಚಳ ತೆಗೆದಳು.

ಒಳಗೆ ಬರೀ ಕೀಲಿ ಗೊಂಚಲುಗಳಿಂದ ಕಳಚಿದ ಬಿಲ್ಲೆಗಳು. ಪ್ಲಾಸ್ಟಿಕ್ಕಿನೊಳಗೆ ಕೂಸಿನ ಫೋಟೋ. ಚರ್ಮದ ಮೇಲೆ ಇಬ್ಬರ ಹೆಸರು. ದಾರದಲ್ಲಿ ಹೆಣೆದ ಪುಟ್ಟ ಚೆಂಡು. ಒಂದು ಹಾಲುಹಲ್ಲು, ಗಾಜಿನ ಗುಂಡಿನಲ್ಲಿ. ಎಷ್ಟು ಮನೆಗಳು ಆ ಡಬ್ಬದಲ್ಲಿದ್ದವೋ! ಎಲ್ಲಕ್ಕೂ ಎಣ್ಣೆ ಮೆತ್ತಿ, ಒಂದಕ್ಕೊಂದು ಅಂಟಿ, ಹಳಸಿದ ವಾಸನೆ ಬರುತ್ತಿತ್ತು.

ಪೊಲೀಸಮ್ಮ ಕೈ ಹಾಕಿದಳು. ತಳದವರೆಗೆ ಹೋಗಬೇಕಾಗಲಿಲ್ಲ. ಮರದ ಬಿಲ್ಲೆ ಮೇಲೇ ಇತ್ತು. ನೀಲಿ ಬಣ್ಣ, ಸೊಟ್ಟ ಅಕ್ಷರ: ಅಪ್ಪ ನಿಧಾನ.

"ಅದು ಕಸ ಮೇಡಂ. ಎಸೀಬೇಕು ಅಂತ ಇಟ್ಟಿದ್ದು."

"ಕಸ?"

"ಮತ್ತೇನು? ಕೊಳ್ಳೋರಿಗೆ ಇದೆಲ್ಲ ಕಂಡ್ರೆ ಗಾಡಿ ಬೇಡ ಅಂತಾರೆ. ಸತ್ತೋರ ಗಾಡಿ ಯಾರಿಗೆ ಬೇಕು ಹೇಳಿ?"

"ಅವರ ಮನೆಗೆ ಹೋಗಿ ಅಳ್ತೀರಲ್ಲ, ನಾಚಿಕೆ ಆಗಲ್ವಾ?"

ಕರ್ಚೀಫಣ್ಣನಿಗೆ ನಿಜಕ್ಕೂ ನೋವಾದಂತೆ ಕಂಡಿತು. ಕಾಲನ್ನು ಈಗ ಕೆಳಗಿಳಿಸಿದ.

"ನಾಚಿಕೆ ಯಾಕೆ? ಸಾವಿನ ಮನೆಗೆ ಸ್ವಂತ ಅಣ್ಣ ತಮ್ಮಂದಿರು ಬರಲ್ಲ. ನಾನು ಹೋಗ್ತೀನಿ. ಕೂತು ಅಳ್ತೀನಿ. ಆ ಹೆಣ್ಣುಮಕ್ಕಳಿಗೆ ಎಷ್ಟು ಧೈರ್ಯ ಬರುತ್ತೆ ಗೊತ್ತಾ? ಅಳು ಅಂದ್ರೇನು ಸುಮ್ನೆ ಬರುತ್ತಾ?" ಡ್ರಾಯರಿನಿಂದ ತಲೆನೋವಿನ ಮುಲಾಮಿನ ಸೀಸೆ ತೆಗೆದು ಮೇಜಿನ ಮೇಲಿಟ್ಟ. "ಕರ್ಚೀಫಿನ ಮೂಲೆಗೆ ಇಷ್ಟು ಸವರ್ಕೋಬೇಕು. ಕಣ್ಣು ಉರಿದು ಹೋಗುತ್ತೆ ಮೇಡಂ. ಎರಡು ದಿನ ಕೆಂಪಗಿರುತ್ತೆ. ನನ್ನ ಕಷ್ಟ ನನಗೆ."

ಪೊಲೀಸಮ್ಮ ಸೀಸೆಯನ್ನು ನೋಡಿ, ಅವನ ಮುಖ ನೋಡಿದಳು. ಕೆಲಸದ ಕಷ್ಟ ಹೇಳಿಕೊಳ್ಳುವ ಎಲ್ಲ ದುಡಿಯುವವರ ದನಿಯೂ ಹಾಗೇ ಇರುತ್ತದೆ. ಕಳ್ಳರನ್ನು ಕಂಡಿದ್ದಳು, ಕೊಲೆಗಾರರನ್ನು ಕಂಡಿದ್ದಳು. ತನ್ನ ಬಗ್ಗೆ ಇಷ್ಟು ಮರುಕವಿದ್ದವನನ್ನು ಕಂಡಿರಲಿಲ್ಲ.

"ಸರಿ, ಕೇಳಿ," ಎಂದಳು. "ಪ್ರೆಸ್ಸಿನೋರ ಹೆಂಡತಿ ನಿಮ್ಮನ್ನ ಗುರುತು ಹಿಡೀತಾರೆ. ಗಾಡಿ ಕೊಟ್ಟ ದಿನ ಅವರಿಗೆ ನೆನಪಿದೆ. ನರ್ಸಿನ ತಮ್ಮ ಗಾಡಿ ಮನೆಗೆ ತಂದ ದಿನ ಅದರ ಜೊತೆ ತೆಗೆಸ್ಕೊಂಡ ಫೋಟೋ ಇದೆ. ಇವೆರಡರ ನಡುವೆ ಆ ಮುದುಕ ಸತ್ತಿದಾನೆ. ಅವತ್ತು ಗಾಡಿ ಇದೇ ಅಂಗಳದಲ್ಲಿತ್ತು. ಓಡಿಸಿದ್ದು ಯಾರು? ನೀವಾ, ನಿಮ್ಮ ಕಡೆಯೋರಾ?"

"ನಾನು ಗಾಡಿ ಓಡಿಸೋದು ಬಿಟ್ಟು ಕಾಲವಾಯ್ತು. ಬೆನ್ನುನೋವು."

"ಮತ್ತೆ ಯಾರು?"

"ನೆನಪಿಲ್ಲ."

"ಆ ಸಹಿ ಹಾಕಿಸ್ಕೊಂಡ ಕಾಗದಗಳೆಲ್ಲಿ?"

ಮೊದಲ ಸಲ ಅವನ ಕಣ್ಣು ಬಾಗಿಲ ಕಡೆ ಹೋಯಿತು. ಅದೂ ಒಂದೇ ಕ್ಷಣ. ಆಮೇಲೆ ಕರ್ಚೀಫಿನಿಂದ ತುಟಿಯ ಅಂಚು ಒರೆಸಿಕೊಂಡು ಮುಂದಕ್ಕೆ ಬಾಗಿದ.

"ನೀವು ಬುದ್ಧಿವಂತರು. ಇಷ್ಟೆಲ್ಲ ಕೇಳಿದ್ರಿ. ಒಂದು ಕೇಳಲೇ ಇಲ್ಲ. ಇವತ್ತು ಯಾರ ಮನೇಲಿ ಸಾವಾಯ್ತು, ಯಾರ ಮನೇಲಿ ಗಾಡಿ ಇದೆ, ಯಾವ ಹೆಂಗಸು ಒಬ್ಬಳೇ ಇದಾಳೆ, ಇದೆಲ್ಲ ನನಗೆ ಹೇಗೆ ಗೊತ್ತಾಗುತ್ತೆ? ನನಗೇನು ಕನಸು ಬೀಳುತ್ತಾ?"

ಫೋನು ತೆಗೆದು ಬೆರಳಾಡಿಸಿದ. ತಗಡಿನ ಕೋಣೆಯಲ್ಲಿ ಒಂದು ಹೆಣ್ಣುದನಿ ಕೇಳಿಸಿತು. ದಣಿದ, ಮೆದು ದನಿ.

"ಅಣ್ಣಾ, ಮೂರನೇ ವಾರ್ಡಿನೋರು ಈಗ ಹೋದ್ರು. ಗಾಡಿ ನಮ್ಮ ಸ್ಟ್ಯಾಂಡಲ್ಲೇ ಇದೆ. ಹೆಂಡತಿ ಒಬ್ಬರೇ, ಪಾಪ, ಜೊತೆಗೆ ಯಾರೂ ಇಲ್ಲ. ನಿಧಾನವಾಗಿ ಮಾತಾಡಿ."

ಆ ದನಿಯನ್ನು ಪೊಲೀಸಮ್ಮ ದಿನವೂ ಫೋನಿನಲ್ಲಿ ಕೇಳುತ್ತಿದ್ದಳು. 'ಅಕ್ಕಾ, ನನ್ನ ತಮ್ಮನ್ನ ಬಿಡಿಸಿಕೊಡಿ' ಎಂದು ಅಳುತ್ತಿದ್ದ ದನಿ.

"ಗುರುತು ಸಿಕ್ತಾ?" ಕರ್ಚೀಫಣ್ಣ ಫೋನನ್ನು ಜೇಬಿಗಿಟ್ಟ. "ನನ್ನನ್ನ ಕರ್ಕೊಂಡು ಹೋಗಿ ಮೇಡಂ, ಬರ್ತೀನಿ. ಆದ್ರೆ ಜೀಪಲ್ಲಿ ನನಗಿಂತ ಮುಂದಿನ ಸೀಟಲ್ಲಿ ಅವಳು ಕೂತಿರ್ತಾಳೆ. ತಮ್ಮ ಹೊರಗೆ, ಅಕ್ಕ ಒಳಗೆ. ಆ ಬಡ್ಡೀಮಗನ ಹೊಟ್ಟೆಗೆ ಯಾರು ಹಾಕ್ತಾರೆ, ಯೋಚನೆ ಮಾಡಿ."

ಅವನು ಎದ್ದು ಕೈ ಚಾಚಿದ. ಬೆರಳಿನ ಸಂದಿಯಲ್ಲಿ ಉಗುರಿನ ಚೂರು ಅಂಟಿಕೊಂಡಿತ್ತು. ಪೊಲೀಸಮ್ಮ ಮರದ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ಆ ಕೈಯನ್ನು ನೋಡದೆ ಹೊರಬಂದಳು. ರಸ್ತೆ ಬದಿಯ ನಲ್ಲಿಯಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು. ಎಣ್ಣೆ ಹೋಯಿತು, ವಾಸನೆ ಹೋಗಲಿಲ್ಲ.

*

ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಕೋಣೆ. ಅದರ ಮೆಟ್ಟಿಲ ಮೇಲೆ ನರ್ಸು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಪೊಲೀಸಮ್ಮನನ್ನು ಕಂಡೊಡನೆ ಎದ್ದು ನಿಂತಳು.

"ಅಕ್ಕಾ! ಗಾಡಿ ಯಾರದ್ದು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ನೀನು ಯಾರು ಅಂತಲೂ ಗೊತ್ತಾಯ್ತು."

ಮುಂದಿನದನ್ನು ಹೇಳಬೇಕಾಗಲಿಲ್ಲ. ನರ್ಸು ಮತ್ತೆ ಮೆಟ್ಟಿಲ ಮೇಲೆ ಕೂತಳು. ಡಬ್ಬಿಯ ಮುಚ್ಚಳ ಉರುಳಿ ಮೆಟ್ಟಿಲಿಳಿಯಿತು. ಇಬ್ಬರೂ ಅದನ್ನು ಹಿಡಿಯಲಿಲ್ಲ.

"ಮೊದಮೊದಲು ಸತ್ತೋರು ಆಸ್ಪತ್ರೆ ಸ್ಟ್ಯಾಂಡಲ್ಲಿ ಬಿಟ್ಟುಹೋದ ಗಾಡಿ ಅಷ್ಟೇ ಅಕ್ಕಾ. ಅವರ ಮನೆಯೋರಿಗೂ ಅದನ್ನ ಏನು ಮಾಡೋದು ಅಂತ ತಿಳೀತಿರಲಿಲ್ಲ. ಅಣ್ಣ ಸಹಾಯ ಮಾಡ್ತಾರೆ ಅಂದ್ಕೊಂಡೆ."

"ಅಂದ್ಕೊಂಡ್ಯಾ?"

ನರ್ಸು ತಲೆ ತಗ್ಗಿಸಿದಳು. "ಇಲ್ಲ. ಆಮೇಲೆ ಗೊತ್ತಿತ್ತು. ಕೊಟ್ಟ ದುಡ್ಡು ಇಸ್ಕೊಂಡೆ. ತಮ್ಮನಿಗೆ ಒಂದು ಗಾಡಿ ಕಡಿಮೆಗೆ ಕೊಡಿ ಅಂತ ಕೇಳಿದ್ದೂ ನಾನೇ."

"ಜನ ಸಾಯ್ತಾ ಇರೋವಾಗ ನೀನು ಅವರ ಗಾಡಿ ಲೆಕ್ಕ ಹಾಕ್ತಾ ಇದ್ದೆ. ಅದೇ ಕೈಯಲ್ಲಿ ಅವರ ಕಣ್ಣು ಮುಚ್ಚುತಾ ಇದ್ದೆ."

ನರ್ಸು ಅಳಲಿಲ್ಲ. ಅದೊಂದಕ್ಕೆ ಪೊಲೀಸಮ್ಮ ಮನಸ್ಸಿನಲ್ಲೇ ಋಣಿಯಾದಳು. ಇವತ್ತು ಇನ್ನೊಬ್ಬರ ಕಣ್ಣೀರು ನೋಡುವ ಶಕ್ತಿ ಅವಳಿಗಿರಲಿಲ್ಲ. ಈ ಕೇಸು ಇಲ್ಲಿಗೆ ಬಿಟ್ಟೆ ಎಂದು ಹೇಳಲು ಬಾಯಿ ತೆರೆದಳು. ಆದರೆ ಒಳಗಿರುವವನು ಏನೂ ಅರಿಯದ ತಮ್ಮ, ಇವಳಲ್ಲ.

"ಪ್ರೆಸ್ಸಿನೋರ ಸುದ್ದಿನೂ ಹೀಗೇ ಕಳಿಸಿದ್ಯಾ?"

"ಯಾವ ಪ್ರೆಸ್ಸಿನೋರು?"

"ಪಿತ್ತಕೋಶದ ಆಪರೇಷನ್. ಒಬ್ಬಳೇ ಮಗಳು. ನಿನ್ನ ತಮ್ಮ ಓಡಿಸಿದ್ದು ಅವರ ಗಾಡಿನೇ."

ನರ್ಸು ತಟ್ಟನೆ ತಲೆಯೆತ್ತಿದಳು. "ಇಲ್ಲ ಅಕ್ಕಾ! ಅವರ ಬಗ್ಗೆ ನಾನು ಒಂದು ಅಕ್ಷರ ಹೇಳಿಲ್ಲ. ನನ್ನ ತಮ್ಮನಾಣೆ."

"ಇನ್ನೂ ನಿನ್ನ ಮಾತು ನಂಬಬೇಕಾ ನಾನು?"

"ಹೇಳೋಕೆ ಏನಿತ್ತು? ಅವರು ಸಾಯೋ ಹಾಗೆ ಇರಲೇ ಇಲ್ಲ! ಮಾರನೇ ದಿನ ಮನೆಗೆ ಕಳಿಸೋದಿತ್ತು. ನಾನು ಡ್ಯೂಟಿ ಮುಗಿಸಿ ಹೊರಟಾಗ ಎದ್ದು ಕೂತು ನನಗೇ ತಮಾಷೆ ಮಾಡ್ತಿದ್ರು. ಮತ್ತೆ ಬಂದು ನೋಡಿದ್ರೆ ಮಂಚ ಖಾಲಿ."

ಪೊಲೀಸಮ್ಮ ಫೋನು ತೆಗೆದು ಪ್ರೆಸ್ಸಿನವನ ಹೆಂಡತಿಗೆ ಹಚ್ಚಿದಳು. ಹೊಲಿಗೆ ಯಂತ್ರದ ಸದ್ದು ನಿಂತು ಆಕೆಯ ದನಿ ಬಂತು.

"ಒಂದೇ ಪ್ರಶ್ನೆ. ಆ ಸ್ನೇಹಿತ ಮೊದಲ ಸಲ ಬಂದಾಗ ನೀವು ಏನು ಮಾಡ್ತಾ ಇದ್ರಿ?"

"ಅವತ್ತಾ? ಇವರ ಅಂಗಿ ಮಡಚಿ ಚೀಲಕ್ಕೆ ಹಾಕ್ತಿದ್ದೆ. ಮಾರನೇ ದಿನ ಮನೆಗೆ ಬರುವಾಗ ಹಾಕ್ಕೊಳ್ಳಲಿ ಅಂತ."

"ಅಂದ್ರೆ ನಿಮಗಿನ್ನೂ ಸುದ್ದಿ ಗೊತ್ತಿರಲಿಲ್ಲ?"

ಎಷ್ಟೋ ಸಲ ಮನಸ್ಸಿನಲ್ಲೇ ತಿರುವಿ ಹಾಕಿದ ಆ ದಿನವನ್ನು ಆಕೆ ಈಗ ಮೊದಲ ಸಲ ಸರಿಯಾಗಿ ನೋಡುತ್ತಿದ್ದಳು.

"ಇಲ್ಲ ಮೇಡಂ... ಅವರು ಬಂದೋರೇ ಅಳೋಕೆ ಶುರು ಮಾಡಿದ್ರು. ನನಗೆ ಏನೂ ಅರ್ಥ ಆಗ್ಲಿಲ್ಲ. 'ಯಾಕಣ್ಣ ಅಳ್ತೀರಿ, ಏನಾಯ್ತು?' ಅಂತ ಕೇಳ್ತಾನೇ ಇದ್ದೆ. ಆಗ ಆಸ್ಪತ್ರೆಯಿಂದ ಫೋನ್ ಬಂತು."

ಪೊಲೀಸಮ್ಮ ಫೋನು ಕೆಳಗಿಳಿಸಿದಳು. ಸ್ಪೀಕರಿನಲ್ಲಿ ಬಂದ ಮಾತನ್ನು ನರ್ಸು ಒಂದೂ ಬಿಡದೆ ಕೇಳಿದ್ದಳು. ಅವಳು ಪೊಲೀಸಮ್ಮನ ತೋಳು ಹಿಡಿದಳು.

"ಏನು? ಹೇಳು!"

"ಅಕ್ಕಾ, ಇವತ್ತು ಬೆಳಿಗ್ಗೆ ಕರ್ಚೀಫಣ್ಣ ನಮ್ಮ ಸ್ಟ್ಯಾಂಡಲ್ಲಿದ್ರು. ಒಂದು ಹೊಸ ಗಾಡಿ ಸುತ್ತ ಓಡಾಡಿ, ಟೈರು ಒತ್ತಿ ನೋಡ್ತಿದ್ರು. ನಾನು ಯಾರ ಸುದ್ದಿನೂ ಕೊಟ್ಟಿರಲಿಲ್ಲ." ಅವಳು ಕಟ್ಟಡದ ಮೇಲಿನ ಸಾಲು ಕಿಟಕಿಗಳ ಕಡೆ ಕೈ ತೋರಿಸಿದಳು. "ಅದರ ಯಜಮಾನ ಅಲ್ಲೇ ಮಲಗಿದಾನೆ. ಚೆನ್ನಾಗೇ ಇದಾನೆ. ನಾಳೆ ಮನೆಗೆ ಹೋಗ್ತಾನೆ."